ಮೂರನೇ ಮಹಡಿಯ ಓನರು

ಜನವರಿ 19

ದೊಡ್ಡ ಮನುಷ್ಯರಾದ ಮೇಲೆ ಜನ ಬಂದು "ಆರಂಭ ಹೇಗಿತ್ತು?" ಎಂದು ಕೇಳುತ್ತಾರಂತೆ. ಆಗ ತಡವರಿಸಬಾರದು, ಇವತ್ತಿನಿಂದಲೇ ಬರೆದಿಡಿ ಎಂದು ನನ್ನ ಷಡ್ಡಕ ಹೇಳಿದ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಮೂರು ಮನೆ ಬಾಡಿಗೆಗೆ ಕೊಟ್ಟು ಬೆಳಗ್ಗೆ ಹತ್ತರವರೆಗೆ ಮಲಗುತ್ತಾನೆ. ಹತ್ತರವರೆಗೆ ಮಲಗುವವನ ಮಾತಿಗೆ ಒಂದು ತೂಕ ಇದ್ದೇ ಇರುತ್ತದೆ. ನಾನಾದರೋ ಕತ್ತಲಿರುವಾಗಲೇ ಎದ್ದು, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ಗೊತ್ತಿಲ್ಲದವರ ಪಕ್ಕ ಕೂತು ಕಾರು ಕಲಿಸುವವನು. ನನ್ನ ಕಾಲಡಿಯಲ್ಲೂ ಒಂದು ಬ್ರೇಕಿದೆ. ನಾನೂ ಈ ಊರಿನವರೂ ಇನ್ನೂ ಬದುಕಿರುವುದು ಆ ಬ್ರೇಕಿನ ದಯೆಯಿಂದ.

ಇವತ್ತು ಫ್ಲ್ಯಾಟ್ ನೋಡಿ ಬಂದೆವು. ಗ್ಯಾರೇಜಿನ ಹಿಂದಿನ ಓಣಿ, ಹಳೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಂದು ಹಾಲ್, ಒಂದು ರೂಮು, ಅಡುಗೆಮನೆ. ಹಾಲಿಗೆ ಅಗಲವಾದ ಕಿಟಕಿ, ನೆಲದ ತುಂಬ ಬಿಸಿಲು. ನನ್ನ ಹೆಂಡತಿ ಹೊಲಿಗೆ ಕೆಲಸದವಳು, ಅಳತೆ ಟೇಪು ಅವಳ ಚೀಲದಲ್ಲಿ ಯಾವಾಗಲೂ ಇರುತ್ತದೆ. ಬಾಗಿಲು ದಾಟಿದವಳೇ ಕಿಟಕಿ ಅಳೆದಳು. ಆಮೇಲೆ ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು.

"ಮಷೀನು ಇಲ್ಲಿ. ಬಟ್ಟೆ ಕತ್ತರಿಸೋ ಮೇಜು ಅಲ್ಲಿ. ಹಗಲು ಹೊತ್ತಲ್ಲಿ ಲೈಟ್ ಹಾಕೋ ಕರ್ಮ ಇನ್ನು ತಪ್ತು ಕಣ್ರೀ."

ನಾನು "ನೋಡೋಣ, ನೋಡೋಣ" ಎಂದೆ. ಈ ಮನೆ ನಾವು ಇರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕೆ ಎಂದು ಹೇಳಲು ಅದು ಸರಿಯಾದ ಹೊತ್ತಾಗಿರಲಿಲ್ಲ.

ಫೆಬ್ರವರಿ 6

ರಿಜಿಸ್ಟ್ರೇಷನ್ ಮುಗಿಯಿತು. ನನ್ನ ಉಳಿತಾಯ, ಅವಳ ಹೊಲಿಗೆಯ ಉಳಿತಾಯ, ಮಿಕ್ಕಿದ್ದು ಬ್ಯಾಂಕಿನ ಸಾಲ. ಕಾಗದ ಮಾತ್ರ ನನ್ನೊಬ್ಬನ ಹೆಸರಿನಲ್ಲಿ. ಒಂದೇ ಹೆಸರಿದ್ದರೆ ತಕರಾರು ಕಡಿಮೆ ಎಂದು ಷಡ್ಡಕ ಹೇಳಿದ್ದ.

ಮನೆಗೆ ಬಂದು ವಿಷಯ ಹೇಳಿದೆ. ನಾವು ಇರುವ ಮನೆ ನಮ್ಮನ್ನು ತಿನ್ನುತ್ತದೆ, ಬಾಡಿಗೆಗೆ ಕೊಟ್ಟ ಮನೆ ನಮಗೆ ಊಟ ಹಾಕುತ್ತದೆ ಎಂಬ ಷಡ್ಡಕನ ಸೂತ್ರವನ್ನು ಬಿಡಿಸಿ ಬಿಡಿಸಿ ಹೇಳಿದೆ.

"ಹಾಗಾದ್ರೆ ನಿಮ್ಮನ್ನೂ ಯಾರಿಗಾದ್ರೂ ಬಾಡಿಗೆಗೆ ಕೊಡ್ಲಾ?" ಅಂದಳು. "ಮನೇಲಿದ್ರೆ ನೀವೂ ಬರೀ ತಿಂತೀರಿ."

"ತಮಾಷೆ ಅಲ್ಲ ಕಣೇ. ಎರಡೇ ವರ್ಷ. ಇನ್ನೊಂದು ಫ್ಲ್ಯಾಟ್ ಆಗ್ಲಿ, ಆಮೇಲೆ ನಾವೇ ಹೋಗೋಣ."

"ಸ್ವಂತ ಮನೆ ಬೀಗದ ಕೈ ಇನ್ನೊಬ್ರಿಗೆ ಕೊಟ್ಟು, ನಾವು ಈ ಗುಹೇಲೇ ಇರೋದು. ಆಯ್ತು."

ಒಪ್ಪಿದಳು. ಖುಷಿಗೆ ಬಾಯೇ ಕಟ್ಟಿಹೋಯಿತೆಂದು ಕಾಣುತ್ತದೆ, ಮಲಗುವವರೆಗೂ ಒಂದು ಮಾತಾಡಲಿಲ್ಲ.

ಗುಹೆ ಅಂದದ್ದು ಸುಳ್ಳಲ್ಲ. ನಾವಿರುವುದು ಹಿತ್ತಿಲ ಕಡೆಯ ಬಾಡಿಗೆ ಮನೆ, ನಡು ಮಧ್ಯಾಹ್ನವೂ ಮುಸ್ಸಂಜೆ. ಇದರ ಓನರಮ್ಮನಿಗೆ ನಾವಿಟ್ಟ ಹೆಸರು ಮೆಟ್ಟಿಲಮ್ಮ. ಮೆಟ್ಟಿಲ ಮೇಲೆ ಕೂತು ಯಾರು ಬಂದರು, ಯಾರು ಹೋದರು, ಯಾರ ಕೈಯಲ್ಲಿ ಎಷ್ಟು ದೊಡ್ಡ ಚೀಲ ಎಂದು ನೋಡುವುದೇ ಅವಳ ಉದ್ಯೋಗ. ಇವತ್ತು ಹೊಸ ತಕರಾರು ತಂದಳು: ಮಧ್ಯಾಹ್ನದ ಮೇಲೆ ಮಷೀನು ತುಳಿಯಬಾರದಂತೆ, ಅವಳ ತಲೆಗೆ ಸದ್ದು ಬಡಿಯುತ್ತದಂತೆ. ಎಂಥಾ ಹೆಂಗಸಪ್ಪಾ! ನಾವು ಬಾಡಿಗೆ ಕೊಡುವುದು ಗೋಡೆಗೆ. ಗೋಡೆಯೊಳಗಿನ ಕೈಕಾಲನ್ನೂ ಇವಳು ಕೊಂಡುಕೊಂಡಿದ್ದಾಳಾ? ನಾನು ಇಂಥ ಓನರ್ ಆಗುವುದಿಲ್ಲ, ಆಣೆ.

ಫೆಬ್ರವರಿ 23

ಬಾಡಿಗೆಗೆ ಜನ ಬಂದರು. ಸಂದರ್ಶನ ಮಾಡಿದೆ. ಜನರನ್ನು ಅಳೆಯುವುದರಲ್ಲಿ ನನ್ನದು ಎತ್ತಿದ ಕೈ. ಸ್ಟೇರಿಂಗ್ ಹಿಡಿಯುವ ಮುಂಚೆಯೇ, ಕಾರಿನ ಬಾಗಿಲು ಹಾಕುವ ರೀತಿ ನೋಡಿ ಇವನು ಎಷ್ಟು ದಿನಕ್ಕೆ ಕಲಿಯುತ್ತಾನೆ ಎಂದು ಹೇಳಬಲ್ಲೆ. ಅದೇ ಪದ್ಧತಿಯನ್ನು ಇಲ್ಲೂ ಇಟ್ಟುಕೊಂಡೆ. ಬಂದವರಿಗೆಲ್ಲ ಬಾಗಿಲು ತೆಗೆದು ಹಾಕಿಸಿದೆ, ನಲ್ಲಿ ತಿರುಗಿಸಿ ನಿಲ್ಲಿಸಲು ಹೇಳಿದೆ, ಹಾಲಿನಿಂದ ಅಡುಗೆಮನೆಗೆ ನಡೆಸಿ ಹೆಜ್ಜೆಯ ಸದ್ದು ಕೇಳಿಸಿಕೊಂಡೆ.

ಒಬ್ಬ ಗುಮಾಸ್ತ ಮುಖ ಕೆಂಪು ಮಾಡಿಕೊಂಡು, "ಸಾರ್, ನೀವು ಕೊಡೋದು ಮನೇನೋ, ಲೈಸೆನ್ಸೋ?" ಎಂದು ಕೇಳಿದ. ಅವನನ್ನು ಅಲ್ಲೇ ಫೇಲ್ ಮಾಡಿದೆ.

ಪಾಸಾದವರು ಒಂದು ಗಂಡ ಹೆಂಡತಿ ಜೋಡಿ. ಅವಳು ನರ್ಸು, ಬಾಗಿಲನ್ನು ನಿದ್ದೆಯಲ್ಲಿರುವ ರೋಗಿಯ ಹಾಗೆ ಮುಟ್ಟುತ್ತಾಳೆ. ಅವನು ಬೇಕರಿಯಲ್ಲಿ ಬ್ರೆಡ್ ಸುಡುವವನು, ರಾತ್ರಿ ಪಾಳಿ. ಹಗಲೆಲ್ಲ ಮಲಗಿರುತ್ತಾನೆ, ಗೋಡೆ ಸವೆಯುವುದಿಲ್ಲ.

ಮಾರ್ಚ್ 2

ಮೊದಲ ಬಾಡಿಗೆ ಕೈಗೆ ಬಂತು. ಷಡ್ಡಕನಿಗೆ ಫೋನ್ ಮಾಡಿದೆ. ಬೆಳಗ್ಗಿನ ಪಾಠದ ಹುಡುಗಿಗೆ ಹೇಳಿದೆ. ಅವಳು "ಕಂಗ್ರಾಜುಲೇಷನ್ ಸಾರ್" ಎನ್ನುತ್ತಾ ಸ್ಟೇರಿಂಗ್ ಬಿಟ್ಟು ಕೈ ಕುಲುಕಲು ಬಂದಳು. ನನ್ನ ಬ್ರೇಕು ಇದ್ದದ್ದಕ್ಕೆ ಹಾಲಿನ ಗಾಡಿಯವನು ಉಳಿದ.

ಹೆಂಡತಿಗೂ ಹೇಳಿದೆ. "ಆ ಕಿಟಕಿ ಹತ್ರ ಏನಿಟ್ಟಿದ್ದಾರೆ?" ಎಂದು ಕೇಳಿದಳು. ಇಂಥದೇ ಪ್ರಶ್ನೆ ಇವಳದು.

ಮಾರ್ಚ್ 15

ಆ ಕಡೆ ಹೋಗುವ ಕೆಲಸವಿತ್ತು, ಹಾಗೇ ಒಂದು ಗಳಿಗೆ ಹತ್ತಿ ನೋಡಿ ಬಂದೆ. ಹಾಲಿನ ಗೋಡೆಗೆ ಮೊಳೆ ಹೊಡೆದಿದ್ದಾರೆ! ಮೊಳೆಗೆ ಒಂದು ಗಡಿಯಾರ. ಮೇಜಿನ ಮೇಲೆ ಇಡಬಹುದಾದ ಗಡಿಯಾರವನ್ನು ಗೋಡೆಗೆ ಯಾಕೆ ನೇತುಹಾಕಬೇಕು? ಗಡಿಯಾರ ತೆಗೆದು, ಮೊಳೆ ಅಲ್ಲಾಡಿಸಿ ನೋಡಿ, ಮತ್ತೆ ಹಾಕಿ, "ಪರವಾಗಿಲ್ಲ ಬಿಡಮ್ಮ" ಎಂದು ಬಂದೆ. ಓನರ್ ಅಂದರೆ ಹೀಗಿರಬೇಕು.

ಮನೆಗೆ ಬಂದರೆ ಮೆಟ್ಟಿಲಮ್ಮ ನಮ್ಮ ಕ್ಯಾಲೆಂಡರಿನ ಮೊಳೆಯ ಬಗ್ಗೆ ಕ್ಯಾತೆ ತೆಗೆದಿದ್ದಳು. ಮೈ ಉರಿದುಹೋಯಿತು. ಒಂದು ಮೊಳೆಗೂ ಗತಿಯಿಲ್ಲದ ಬಾಳು ಬಾಡಿಗೆದಾರನದು, ಈ ಓನರುಗಳಿಗೆ ಮನುಷ್ಯತ್ವ ಅನ್ನುವುದು ಇಲ್ಲವೇ ಇಲ್ಲ. ಆಮೇಲೆ ಕೂತು ನರ್ಸಮ್ಮನಿಗೆ ಒಂದು ಸಣ್ಣ ಮೆಸೇಜು ಕಳಿಸಿದೆ: ಇನ್ನು ಮೇಲೆ ಮೊಳೆ ಹೊಡೆಯುವ ಮುಂಚೆ ತಿಳಿಸಬೇಕು, ಜಾಗ ನಾನು ಬಂದು ತೋರಿಸುತ್ತೇನೆ.

ಮಾರ್ಚ್ 29

ಗೋಡೆಯಲ್ಲಿ ತೇವ ಇದೆಯೋ ನೋಡೋಣವೆಂದು ಹೋದೆ. ನರ್ಸಮ್ಮ ಬಾಗಿಲನ್ನು ಅರ್ಧ ತೆಗೆದು, "ಸಾರ್, ಅವ್ರು ಈಗ ತಾನೇ ಮಲಗಿದ್ದಾರೆ. ರಾತ್ರಿಯೆಲ್ಲ ಒಲೆ ಮುಂದೆ ನಿಂತು ಬಂದಿದ್ದಾರೆ" ಎಂದಳು.

"ಮಲಗ್ಲಿ ಮಲಗ್ಲಿ. ನನಗೆ ಬೇಕಾಗಿರೋದು ಗೋಡೆ."

ರೂಮಿನೊಳಗೆ ತುದಿಗಾಲಲ್ಲಿ ಹೋದೆ. ನಾನೆಷ್ಟು ಸೂಕ್ಷ್ಮದವನೆಂದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದೆ. ಅವನ ತಲೆಯ ಕಡೆಯ ಗೋಡೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ, ಕಾಲಿನ ಕಡೆಯದನ್ನು ತಟ್ಟಿದೆ, ಕಿವಿಯಿಟ್ಟು ಕೇಳಿದೆ. ಅವನು ಒಂದು ಕಣ್ಣು ತೆಗೆದ.

"ಇನ್ನು ಯಾವ ಗೋಡೆ ಬಾಕಿ ಸಾರ್? ನಾನು ಸರೀಬೇಕಾ?"

ವಿನಯವಂತ. ಸರಿಸಿ ಅದನ್ನೂ ನೋಡಿದೆ. ತೇವ ಇಲ್ಲ.

ಏಪ್ರಿಲ್ 7

ಒಳ್ಳೆಯ ಉಪಾಯ ಹೊಳೆದಿದೆ. ಪದೇ ಪದೇ ಮೆಟ್ಟಿಲು ಹತ್ತುವುದು ಮಂಡಿಗೆ ಕಷ್ಟ, ಅವರಿಗೂ ಮುಜುಗರ. ಅದಕ್ಕೆ ಪಾಠದ ದಾರಿಯನ್ನೇ ಬದಲಾಯಿಸಿದೆ. ಮುಂಚೆ ಕಲಿಯುವವರನ್ನು ಮುಖ್ಯರಸ್ತೆ, ಸರ್ಕಲ್ಲು, ಸೇತುವೆ ಎಂದು ಸುತ್ತಿಸುತ್ತಿದ್ದೆ. ಈಗ ಎಲ್ಲರಿಗೂ ಗ್ಯಾರೇಜಿನ ಹಿಂದಿನ ಓಣಿ. ಓಣಿ ಕಿರಿದು, ಕಲಿಯುವವರಿಗೆ ಹಿಡಿತ ಬರುತ್ತದೆ. ಕಾರಿನಿಂದ ತಲೆ ಹೊರಗೆ ಹಾಕಿದರೆ ಕಿಟಕಿಯೊಳಗಿನ ಗಡಿಯಾರವೂ ಕಾಣುತ್ತದೆ.

ಹೆಂಡತಿಗೆ ಸ್ಕೂಲಿನ ಯೂನಿಫಾರಂ ಆರ್ಡರು ಕೈತಪ್ಪಿತಂತೆ. ಮಧ್ಯಾಹ್ನದ ಮೇಲೆ ಮಷೀನು ತುಳಿಯುವ ಹಾಗಿಲ್ಲ, ಬೆಳಗ್ಗೆ ಒಳಗೆ ಬೆಳಕಿಲ್ಲ. ನೀಲಿ ಬಟ್ಟೆಗೆ ಕಪ್ಪು ದಾರ ಹಾಕಿಬಿಟ್ಟಿದ್ದಳು, ಅವರು ಬಟ್ಟೆಯ ಗಂಟನ್ನೇ ವಾಪಸ್ ತೆಗೆದುಕೊಂಡು ಹೋದರು. ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೆಟ್ಟಿಲಮ್ಮನಿಗೆ ಹಿಡಿ ಶಾಪ ಹಾಕಿದೆ.

ಏಪ್ರಿಲ್ 20

ಅನರ್ಥ. ಕಿಟಕಿಗೆ ಪರದೆ ಬಂದಿದೆ. ದಪ್ಪ ಪರದೆ, ಮೇಲಿಂದ ನೆಲದವರೆಗೆ. ಗಡಿಯಾರ ಕಾಣುವುದಿಲ್ಲ, ಗೋಡೆ ಕಾಣುವುದಿಲ್ಲ, ಏನೂ ಕಾಣುವುದಿಲ್ಲ. ಕಾರು ನಿಲ್ಲಿಸಿ ಓಡಿ ಹತ್ತಿದೆ. ನರ್ಸಮ್ಮ "ಅವ್ರಿಗೆ ಹಗಲು ನಿದ್ದೆ ಬರ್ಲಿ ಅಂತ ಸಾರ್" ಎಂದಳು. ನೆಪ.

ಮನೆಗೆ ಬಂದು ಹೆಂಡತಿಯ ಮುಂದೆ ಹಾರಾಡಿದೆ. "ಯಾವನೋ ದರ್ಜಿ ನೋಡು, ಮನೆ ಓನರನ್ನ ಒಂದ್ಮಾತು ಕೇಳ್ದೆ ಅಳತೆ ತಗೊಂಡು ಹೊಲಿದು ಕೊಟ್ಟಿದ್ದಾನೆ!"

"ಯಾವನೋ ಅಲ್ಲ, ನಾನೇ."

"ನೀನಾ? ನೀನು ಯಾವಾಗ ಹೋಗಿ ಅಳೆದೆ?"

"ಹೋಗ್ಲಿಲ್ಲ. ಅವ್ಳೇ ವಿಳಾಸ ಹುಡುಕ್ಕೊಂಡು ಬಂದ್ಳು. ಆ ಕಿಟಕಿ ಅಳತೆ ನನಗೆ ಬಾಯಿಪಾಠ ಇದೆ."

ಹೊಲಿಗೆ ದುಡ್ಡು ತಗೊಂಡೆಯಾ ಎಂದು ಕೇಳಿದೆ.

ಮೇ 4

ಲೈಸೆನ್ಸ್ ಟೆಸ್ಟಿನಲ್ಲಿ ನನ್ನವರೆಲ್ಲ ಫೇಲು. ಇನ್‌ಸ್ಪೆಕ್ಟರು ಪಕ್ಕಕ್ಕೆ ಕರೆದು ಕೇಳಿದ: "ಅಲ್ರೀ ಮೇಷ್ಟ್ರೇ, ನಿಮ್ಮ ಸ್ಕೂಲಿನವ್ರಿಗೆ ಏನಾಗಿದೆ? ಎಡಕ್ಕೆ ಚೆನ್ನಾಗಿ ತಿರುಗಿಸ್ತಾರೆ, ಬಲಕ್ಕೆ ಬರಲ್ಲ. ಲಾರಿ ಎದುರಿಗೆ ಬಂದ್ರೆ ಕಣ್ಣು ಮುಚ್ತಾರೆ. ಅದೂ ಹೋಗ್ಲಿ ಅಂದ್ರೆ, ಪ್ರತಿಯೊಬ್ರೂ ಒಂದು ಕಟ್ಟಡ ಕಂಡ ತಕ್ಷಣ ಗಾಡಿ ನಿಧಾನ ಮಾಡಿ ಮೂರನೇ ಮಹಡಿ ನೋಡ್ತಾರಲ್ಲ, ಅದನ್ನ ಯಾಕೆ ಕಲಿಸಿದ್ರಿ?"

ಹಿಂದೆ ನಿಂತಿದ್ದ ಬೇರೆ ಸ್ಕೂಲಿನವರು ಹಲ್ಲು ಕಿಸಿದರು. ಈ ಇನ್‌ಸ್ಪೆಕ್ಟರಿಗೆ ಸ್ವಂತ ಮನೆ ಇಲ್ಲವಂತೆ. ಹೊಟ್ಟೆಕಿಚ್ಚು.

ಮೇ 18

ನರ್ಸಮ್ಮನ ತಾಯಿ ಬಂದಿದ್ದಾಳೆ. ಮಂಡಿ ನೋವಿಗೆ ಚಿಕಿತ್ಸೆಯಂತೆ. ಅಗ್ರಿಮೆಂಟಿನಲ್ಲಿ ಇಬ್ಬರು ಎಂದಿದೆ. ಎಷ್ಟು ದಿನ ಇರುತ್ತೀರಿ ಎಂದು ಮುದುಕಿಯನ್ನೇ ನೇರವಾಗಿ ಕೇಳಿದೆ. "ನಡೆಯೋಕಾಗೋವರೆಗೂ ಕಣಪ್ಪ" ಅಂದಳು. ನಡೆಸಿ ನೋಡಿದೆ. ಚೆನ್ನಾಗಿಯೇ ನಡೆಯುತ್ತಾಳೆ, ಸ್ವಲ್ಪ ವಾಲುತ್ತಾಳೆ ಅಷ್ಟೇ.

ಮೇ 25

ಮನೆ ಖಾಲಿ ಮಾಡುತ್ತಾರಂತೆ. ಬೇಕರಿಯವನು ಹೇಳಿದ ಕಾರಣ ಇದು:

"ನೀವು ತುಂಬಾ ಒಳ್ಳೆಯವ್ರು ಸಾರ್. ನೀವೂ ನಮ್ಮ ಜೊತೇಲೇ ಇರ್ತೀರಿ ಅಂತ ಮುಂಚೆ ಗೊತ್ತಿರ್ಲಿಲ್ಲ, ಅಷ್ಟೇ."

ಅಡ್ವಾನ್ಸಿನಲ್ಲಿ ಮೊಳೆಯ ತೂತಿಗೆಂದು ಒಂದಿಷ್ಟು ಹಿಡಿದುಕೊಂಡೆ. ಹೆಂಡತಿ ಇಡೀ ಸಂಜೆ ನನ್ನ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದಳು. ಕೊನೆಗೆ "ಕೈ ತೊಳ್ಕೊಳ್ಳಿ, ಊಟ ಮಾಡಿ" ಎಂದಳು.

ಜೂನ್ 22

ಫ್ಲ್ಯಾಟು ಖಾಲಿ ಬಿದ್ದಿದೆ. ಬ್ಯಾಂಕಿನ ಕಂತಿಗೆ ಅದು ಗೊತ್ತಿಲ್ಲ. ಡ್ರೈವಿಂಗ್ ಸ್ಕೂಲಿಗೂ ಜನ ಇಳಿದಿದ್ದಾರೆ. ಬೋರ್ಡು ಹಾಕಿದೆ, ಪೇಪರಿಗೆ ಕೊಟ್ಟೆ. ಬರುವವರು ಬಾಗಿಲು ತೆಗೆದು ಹಾಕಿ ಎಂದ ಕೂಡಲೇ ಬಾಗಿಲ ಆಚೆಯಿಂದಲೇ ಹೊರಟುಹೋಗುತ್ತಾರೆ. ಆಸ್ಪತ್ರೆಯವರು ಯಾರೂ ಬರುತ್ತಿಲ್ಲ. ನರ್ಸಮ್ಮ ಊರೆಲ್ಲ ಡಂಗುರ ಸಾರಿರಬೇಕು.

"ಷರತ್ತು ಸಡಿಲ ಮಾಡಿ ಅಣ್ಣಾ" ಎಂದ ಷಡ್ಡಕ. "ನಾನು ನನ್ನ ಬಾಡಿಗೆದಾರರ ಮುಖಾನೇ ನೋಡಲ್ಲ." ಅದಕ್ಕೇ ಅವನು ಮೂರು ಮನೆಗೇ ನಿಂತುಬಿಟ್ಟ. ನನ್ನಷ್ಟು ಆಸ್ಥೆ ಅವನಿಗೆಲ್ಲಿ?

ಜೂನ್ 29

ಊಟ ಬಡಿಸುತ್ತಾ ಹೆಂಡತಿ ಹೇಳಿದಳು: "ಒಬ್ರು ಬಾಡಿಗೆಗೆ ಕೇಳ್ತಿದ್ದಾರೆ."

ನೆಟ್ಟಗೆ ಕೂತೆ. "ಎಷ್ಟು ಜನ?"

"ಒಬ್ರೇ."

"ಮೊಳೆ?"

"ಬೇಡವಂತೆ."

"ನೆಂಟರು ಇಷ್ಟರು?"

"ಯಾರೂ ಬರಲ್ಲ."

"ಹಗಲು ಹೊತ್ತು?"

"ಕೆಲಸ. ಕಿಟಕಿ ಹತ್ರ ಕೂತು ಮಾಡೋ ಕೆಲಸ. ರಾತ್ರಿ ನಿದ್ದೆ. ಬಾಡಿಗೆ ಒಂದನೇ ತಾರೀಖಿಗೆ."

"ಆಹಾ, ಇಂಥವ್ರು ಎಲ್ಲಿ ಸಿಗ್ತಾರೆ ಕಣೇ! ಎಲ್ಲಿದ್ದಾರೆ?"

"ನಿಮ್ಮ ತಟ್ಟೆಗೆ ಸಾರು ಹಾಕ್ತಿದ್ದಾರೆ."

ನಾನು ನಕ್ಕೆ. ಅವಳು ನಗಲಿಲ್ಲ.

ಜುಲೈ 1

ಎರಡು ದಿನ ಯೋಚಿಸಿದೆ. ಷಡ್ಡಕನನ್ನು ಕೇಳಿದೆ. ಅವನು ಫೋನಿನಲ್ಲಿ "ಕಾನೂನಿನಲ್ಲಿ ತಪ್ಪೇನಿಲ್ಲ ಅಣ್ಣಾ, ಆದ್ರೆ..." ಎಂದ. ತಪ್ಪಿಲ್ಲ ಅಂದಮೇಲೆ ಆದರೆ ಯಾಕೆ? ಹೆಂಡತಿ ಹೊಸ ಆರ್ಡರುಗಳನ್ನು ಹಿಡಿದಿದ್ದಾಳೆ, ಬೆಳಕು ಬೇಕು, ಜಾಗ ಬೇಕು. ನನಗೆ ಬಾಡಿಗೆ ಬೇಕು. ಇಬ್ಬರಿಗೂ ಅನುಕೂಲ. ಸಂಜೆ ಕೆಲಸ ಮುಗಿಸಿ ಮನೆಗೆ ಬರುತ್ತಾಳೆ, ಇನ್ನೆಲ್ಲಿ ಹೋಗುತ್ತಾಳೆ.

ಅಡ್ವಾನ್ಸ್ ತೆಗೆದುಕೊಂಡೆ. ಹೆಂಡತಿಯೆಂದು ಪದ್ಧತಿ ಬಿಡಲಾಗುತ್ತದೆಯೇ? ಅವಳೂ ಚೌಕಾಸಿ ಮಾಡಲಿಲ್ಲ. ಅಗ್ರಿಮೆಂಟಿನ ಕೆಳಗೆ ತನ್ನ ಕೈಯಾರೆ ಒಂದೇ ಸಾಲು ಸೇರಿಸಿದಳು: ಓನರು ಮನೆಗೆ ಬರುವುದಾದರೆ ಒಂದು ದಿನ ಮುಂಚೆ ತಿಳಿಸಬೇಕು.

"ಇದೆಂಥದೇ ನನಗೆ?" ಎಂದೆ.

"ನಿಮಗಲ್ಲ ಕಣ್ರೀ, ಓನರ್‌ಗೆ" ಎಂದಳು.

ಸರಿ ಎಂದು ಸಹಿ ಹಾಕಿದೆ. ಒಳ್ಳೆಯ ಬಾಡಿಗೆದಾರರ ಸಣ್ಣ ಪುಟ್ಟ ಕೋರಿಕೆಗೆ ಒಪ್ಪಬೇಕು.

ಜುಲೈ 3

ಮಷೀನು, ಮೇಜು, ಒಂದು ಪೆಟ್ಟಿಗೆ, ಒಂದು ಚಾಪೆ ಗಾಡಿಯಲ್ಲಿ ಹೋದವು. ಚಾಪೆ ಯಾಕೆ ಎಂದು ಆಗ ಕೇಳಲು ತೋಚಲಿಲ್ಲ. ಊಟಕ್ಕೆ ಬರುತ್ತಾಳೆಂದು ಕಾದೆ. ಬರಲಿಲ್ಲ.

ಜುಲೈ 4

ಇವತ್ತೂ ಬರಲಿಲ್ಲ. ಫೋನ್ ಮಾಡಿದೆ. "ಚೆನ್ನಾಗಿದೆ ಮನೆ. ತೇವ ಇಲ್ಲ" ಎಂದಳು.

ಜುಲೈ 9

ಹೋಟೆಲ್ ಊಟ. ಸಾರಿಗೆ ಉಪ್ಪು ಜಾಸ್ತಿ.

ಜುಲೈ 13

ಮೆಟ್ಟಿಲಮ್ಮ "ನಿಮ್ಮನೆಯವ್ರು ಕಾಣ್ತಿಲ್ಲ?" ಎಂದು ಕೇಳಿದಳು. ನಮ್ಮ ಫ್ಲ್ಯಾಟಿನಲ್ಲಿದ್ದಾರೆ ಎಂದೆ. "ಒಳ್ಳೇದಾಯ್ತು ಬಿಡಿ, ನೀರು ಉಳೀತು" ಎಂದಳು. ಬಾಡಿಗೆ ಇಳಿಸುವ ಮಾತು ಮಾತ್ರ ಎತ್ತಲಿಲ್ಲ. ಈ ಓನರುಗಳಿಗೆ ಒಂದು ಮನೆ ಇದ್ದರೆ ಸಾಕು, ಮನುಷ್ಯರು ಕಾಣುವುದೇ ಇಲ್ಲ. ಒಳಗೆ ಬಂದೆ. ಮಧ್ಯಾಹ್ನದ ಮೇಲೂ ಮಷೀನಿನ ಸದ್ದಿಲ್ಲ, ಬೆಳಗ್ಗೆಯೂ ಇಲ್ಲ. ಮೆಟ್ಟಿಲಮ್ಮ ಈಗ ನೆಮ್ಮದಿಯಾಗಿ ಮಲಗುತ್ತಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ, ಸೆಕೆ.

ಜುಲೈ 20

ಹೊಸದಾಗಿ ಸೇರಿದ ಔಷಧಿ ಅಂಗಡಿಯವನಿಗೆ ಓಣಿಯಲ್ಲಿ ಪಾಠ. ಪರದೆ ಇಲ್ಲ, ಕಿಟಕಿ ಪೂರ್ತಿ ತೆರೆದಿತ್ತು. ಬೆಳಕಿನಲ್ಲಿ ಕೂತು ಹೊಲಿಯುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ, ಸುತ್ತ ನೀಲಿ ಬಟ್ಟೆಯ ರಾಶಿ. ಆ ಯೂನಿಫಾರಂನವರು ಆರ್ಡರು ಮತ್ತೆ ಕೊಟ್ಟಿರಬೇಕು. ಏನೋ ಗುನುಗುತ್ತಿದ್ದಳು ಅಂತ ಕಾಣುತ್ತದೆ, ತಲೆ ಅಲ್ಲಾಡುತ್ತಿತ್ತು. ನಿಲ್ಲಿಸು ಎಂದೆ.

"ಸಾರ್, ಇಲ್ಲಿ ನಿಲ್ಲಿಸಬಾರ್ದು ಅಂತ ಬೋರ್ಡಿದೆ."

ನನ್ನ ಬ್ರೇಕು ಒತ್ತಿ ನಾನೇ ನಿಲ್ಲಿಸಿದೆ. ಹಿಂದಿನವರು ಹಾರ್ನ್ ಹೊಡೆದರು. ಅವಳು ಕೆಳಗೆ ನೋಡಲಿಲ್ಲ. ಅದೇ ಓಣಿಯಲ್ಲಿ ಇನ್ನೊಂದು ಸುತ್ತು ಹಾಕಿಸಿದೆ. ಅವನಿಗೆ ಹಿಡಿತ ಬರಬೇಕಲ್ಲ.

ಜುಲೈ 27

ಇವತ್ತು ರಜಾ. ಗೋಡೆ ನೋಡಿ ಬರೋಣವೆಂದು ಹೊರಟೆ. ಹಾಗೇ ದಾರಿಯಲ್ಲಿ ಅವಳಿಗೆ ಇಷ್ಟದ ಬಿಸ್ಕತ್ತು ತೆಗೆದುಕೊಂಡೆ. ಗೋಡೆಗೂ ಬಿಸ್ಕತ್ತಿಗೂ ಸಂಬಂಧವಿಲ್ಲ, ಅಂಗಡಿ ತೆರೆದಿತ್ತು, ತೆಗೆದುಕೊಂಡೆ. ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಬೆಲ್ ಒತ್ತಿದೆ. ಒಳಗೆ ಮಷೀನು ನಿಂತಿತು.

"ಯಾರು?"

"ನಾನು."

"ನಾನು ಅಂದ್ರೆ?"

ನನ್ನ ಧ್ವನಿ ಅವಳಿಗೆ ಗೊತ್ತಿಲ್ಲವೇ? ಇಷ್ಟು ವರ್ಷ ಕೇಳಿದ ಧ್ವನಿ. ಅವಳು ಬಾಗಿಲಿನ ಹತ್ತಿರ ಬಂದು ನಿಂತದ್ದು ಗೊತ್ತಾಯಿತು, ಅವಳ ಚಪ್ಪಲಿಯ ಸದ್ದು ನನಗೆ ಗೊತ್ತು. ಚಿಲಕದ ಮೇಲೆ ಕೈ ಇಟ್ಟಿದ್ದಳು, ಅದೂ ಕೇಳಿಸಿತು. ಕಾಯುತ್ತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದೆ.

"ಓನರು."

ಚಿಲಕದಿಂದ ಕೈ ತೆಗೆದದ್ದು ಕೇಳಿಸಿತು.

"ಇವತ್ತು ಬರ್ತೀನಿ ಅಂತ ನಿನ್ನೆ ಹೇಳಿರ್ಲಿಲ್ವಲ್ಲ" ಎಂದಳು. ಚಪ್ಪಲಿ ದೂರ ಹೋಯಿತು. ಮಷೀನು ಮತ್ತೆ ಶುರುವಾಯಿತು.

ನಿಯಮ ಅಂದರೆ ನಿಯಮ, ಅವಳ ಮೇಲೆ ಒಂದು ಮಾತು ಹೇಳುವ ಹಾಗಿಲ್ಲ. ಬಾಡಿಗೆ ಸರಿಯಾಗಿ ಕೊಡುತ್ತಾಳೆ, ಗೋಡೆಗೆ ಒಂದು ಮೊಳೆ ಹೊಡೆದಿಲ್ಲ, ಯಾರೋ ಬಂದರೆಂದು ಬಾಗಿಲು ತೆಗೆಯುವುದಿಲ್ಲ. ಇಂಥ ಬಾಡಿಗೆದಾರರು ಪುಣ್ಯ ಮಾಡಿದವರಿಗೆ ಸಿಗುತ್ತಾರೆ. ಬಿಸ್ಕತ್ತಿನ ಪೊಟ್ಟಣ ಕೈಯಲ್ಲೇ ಇತ್ತು. ಎರಡನೇ ಮಹಡಿಗೆ ಇಳಿದಾಗ ಹೊಳೆಯಿತು, ಯಾರು ಎಂದಾಗ ಗಂಡ ಅಂತಲೂ ಹೇಳಬಹುದಿತ್ತು. ತಿರುಗಿ ಹತ್ತೋಣ ಎಂದುಕೊಂಡೆ. ಅಷ್ಟರಲ್ಲಿ ನೆನಪಾಯಿತು, ಒಂದು ದಿನ ಮುಂಚೆ ತಿಳಿಸಬೇಕು.